ಏಳಕ್ಷರದ ಜೇನುಗೂಡು: ಅರ್ಧದಲ್ಲಿ ನಿಂತವರು ಮುಂದಕ್ಕೆ ಹೋಗುವುದು ಹೇಗೆ?

ಮಧ್ಯಾಹ್ನದ ಜೇನು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸ್ಪೆಲ್ಲಿಂಗ್ ಬೀ ಎಂಬ ದಿನದ ಪದಬೇಟೆಯನ್ನು ನಾನು ಎರಡು ವರ್ಷಗಳಿಂದ ತಪ್ಪದೆ ಆಡುತ್ತಿದ್ದೇನೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ ನಸುಕಿನ ಮೂರು ಗಂಟೆಗೆ ಹೊಸ ಗೂಡು ತೆರೆದುಕೊಳ್ಳುವುದರಿಂದ ನಮ್ಮಲ್ಲಿ ಅದು ವರ್ಷದ ಹೆಚ್ಚು ಕಾಲ ಮಧ್ಯಾಹ್ನ 12.30ಕ್ಕೆ, ಅವರು ಗಡಿಯಾರವನ್ನು ಹಿಂದಕ್ಕಿಟ್ಟ ಮೇಲೆ ನವೆಂಬರ್‌ನಿಂದ ಮಾರ್ಚ್‌ವರೆಗೆ 1.30ಕ್ಕೆ ಸಿಗುತ್ತದೆ. ನನಗಂತೂ ಅದು ಸರಿಯಾಗಿ ಊಟದ ಡಬ್ಬಿ ಬಿಚ್ಚುವ ಹೊತ್ತು.

ಹೊಸಬರಿಗಾಗಿ ನಿಯಮವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಜೇನುಗೂಡಿನ ಆಕಾರದಲ್ಲಿ ಏಳು ಇಂಗ್ಲಿಷ್ ಅಕ್ಷರಗಳಿರುತ್ತವೆ. ನಡುವಿನ ಹಳದಿ ಕೋಶದ ಅಕ್ಷರ ಪ್ರತಿ ಪದದಲ್ಲಿಯೂ ಇರಲೇಬೇಕು, ಪದ ಕನಿಷ್ಠ ನಾಲ್ಕು ಅಕ್ಷರದ್ದಾಗಿರಬೇಕು, ಒಂದೇ ಅಕ್ಷರವನ್ನು ಎಷ್ಟು ಸಲ ಬೇಕಾದರೂ ಬಳಸಬಹುದು. ನಾಲ್ಕಕ್ಷರದ ಪದಕ್ಕೆ ಒಂದು ಅಂಕ, ಅದಕ್ಕಿಂತ ಉದ್ದದ ಪದಕ್ಕೆ ಅಕ್ಷರಕ್ಕೊಂದರಂತೆ ಅಂಕ. ಏಳೂ ಅಕ್ಷರಗಳನ್ನು ಬಳಸಿದ ಪದಕ್ಕೆ ಪ್ಯಾನ್‌ಗ್ರಾಮ್ ಎನ್ನುತ್ತಾರೆ. ಅದಕ್ಕೆ ಇನ್ನೂ ಏಳು ಅಂಕ ಸೇರುತ್ತದೆ.

ನನ್ನ ತೊಂದರೆ ಇದು. ಒಟ್ಟು ಅಂಕದ ಅರ್ಧಕ್ಕೆ ಬರುವ ‘ಅಮೇಜಿಂಗ್’ ಪದವಿಯವರೆಗೆ ನಾನು ಹೆಚ್ಚೂಕಡಿಮೆ ದಿನವೂ ತಲುಪುತ್ತೇನೆ. ಶೇಕಡಾ 70ಕ್ಕೆ ಸಿಗುವ ‘ಜೀನಿಯಸ್’ ಮಾತ್ರ ತಿಂಗಳಿಗೆ ಎರಡು ಸಲ ದಕ್ಕಿದರೆ ಹೆಚ್ಚು. ಎಲ್ಲ ಪದಗಳನ್ನೂ ಹಿಡಿದವರಿಗೆ ಸಿಗುವ ‘ಕ್ವೀನ್ ಬೀ’ಯನ್ನು ನಾನು ಕಣ್ಣಿನಿಂದ ನೋಡಿಲ್ಲ. ಮರುದಿನ ಉತ್ತರಗಳ ಪಟ್ಟಿ ನೋಡಿದಾಗ ಬಿಟ್ಟುಹೋದ ಪದಗಳಲ್ಲಿ ನನಗೆ ಗೊತ್ತಿಲ್ಲದವು ಬೆರಳೆಣಿಕೆಯಷ್ಟು, ಉಳಿದವೆಲ್ಲ ನಾನು ದಿನವೂ ಮಿಂಚಂಚೆಯಲ್ಲಿ ಬರೆಯುವ ಪದಗಳೇ ಆಗಿರುತ್ತವೆ. ಗೊತ್ತಿರುವ ಪದ ಆ ಹೊತ್ತಿಗೆ ಏಕೆ ಹೊಳೆಯುವುದಿಲ್ಲ? ನೀವೆಲ್ಲ ಯಾವ ಕ್ರಮದಲ್ಲಿ ಹುಡುಕುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಒಂದು ವಿನಂತಿ: ಇಂದಿನ ಗೂಡಿನ ಉತ್ತರಗಳನ್ನು ಯಾರೂ ಇಲ್ಲಿ ಬರೆಯಬೇಡಿ.


ಪದಪ್ರೇಮಿ

ಪದಸಂಪತ್ತು ಹೆಚ್ಚಿಸಿಕೊಳ್ಳುವುದೊಂದೇ ದಾರಿ. ನಾನು ದಿನಕ್ಕೆ ಹತ್ತು ಹೊಸ ಇಂಗ್ಲಿಷ್ ಪದಗಳನ್ನು ಬರೆದಿಟ್ಟುಕೊಳ್ಳುತ್ತೇನೆ.


ಗೂಡುಗಾರ, ನ್ಯೂಜೆರ್ಸಿ

ಮೇಲಿನವರ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಶ್ನೆ ಕೇಳಿದವರೇ ಉತ್ತರವನ್ನೂ ಹೇಳಿಬಿಟ್ಟಿದ್ದಾರೆ: ಬಿಟ್ಟುಹೋದವು ಗೊತ್ತಿದ್ದ ಪದಗಳು. ಈ ಆಟದ ಪಟ್ಟಿಯನ್ನು ಸಂಪಾದಕರು ಕೈಯಾರೆ ಸೋಸುತ್ತಾರೆ. ತೀರಾ ಅಪರೂಪದ ಪದ, ಅಂಕಿತನಾಮ, ನಡುವೆ ಗೆರೆ ಎಳೆದು ಬರೆಯುವ ಪದ, ಬೈಗುಳ ಇವನ್ನೆಲ್ಲ ಹೊರಗಿಡುತ್ತಾರೆ. ಹಾಗಾಗಿ ನಿಘಂಟನ್ನು ಬಾಯಿಪಾಠ ಮಾಡಿದವರಿಗೆ ಇಲ್ಲಿ ವಿಶೇಷ ಲಾಭವಿಲ್ಲ. ಅಟ್ಟದ ಮೇಲೆ ಪಾತ್ರೆ ಬೇಕಾದಷ್ಟಿದೆ, ಏಣಿ ಹಾಕಿದ ಜಾಗ ಸರಿಯಿಲ್ಲ, ಅಷ್ಟೆ.

ಅಂಕದ ಲೆಕ್ಕವನ್ನು ಮೊದಲು ಗಮನಿಸಿ. ನಾಲ್ಕಕ್ಷರಕ್ಕೆ ಒಂದು, ಐದಕ್ಷರಕ್ಕೆ ನೇರವಾಗಿ ಐದು. ಇಲ್ಲಿಯ ಜಿಗಿತ ಬಹಳ ದೊಡ್ಡದು. ಅರ್ಧದಲ್ಲಿ ನಿಲ್ಲುವವರು ಸಾಮಾನ್ಯವಾಗಿ ನಾಲ್ಕಕ್ಷರದ ಪದಗಳನ್ನು ಕಾಳು ಹೆಕ್ಕಿದಂತೆ ಹೆಕ್ಕುತ್ತಾ ಕುಳಿತಿರುತ್ತಾರೆ. ಜೀನಿಯಸ್‌ಗೆ ಬೇಕಾದದ್ದು ಉದ್ದದ ಪದಗಳು, ಮತ್ತು ಇಂಗ್ಲಿಷಿನಲ್ಲಿ ಉದ್ದದ ಪದವೆಂದರೆ ಬಹುಪಾಲು ಒಂದು ಗಿಡ್ಡ ಪದಕ್ಕೆ ಬಾಲವನ್ನೋ ತಲೆಯನ್ನೋ ಅಂಟಿಸಿದ್ದು. ಆದ್ದರಿಂದ ನಾನು ಗೂಡು ತೆರೆದ ಕೂಡಲೇ ಪದ ಹುಡುಕುವುದಿಲ್ಲ, ಬಾಲ ಹುಡುಕುತ್ತೇನೆ.

ನಾನೇ ಕಟ್ಟಿದ ಒಂದು ಗೂಡನ್ನು ಕೊಡುತ್ತೇನೆ. ಪತ್ರಿಕೆಯದಲ್ಲವಾದ್ದರಿಂದ ಉತ್ತರ ಬರೆಯಲು ಅಡ್ಡಿಯಿಲ್ಲ. ನಡುವೆ ಟಿ. ಸುತ್ತ ಎ, ಐ, ಜಿ, ಎಲ್, ಎನ್, ಪಿ.

ಐ, ಎನ್, ಜಿ ಮೂರೂ ಒಟ್ಟಿಗೆ ಕಂಡರೆ ‘-ಇಂಗ್’ ಬಾಲ ಸಿಕ್ಕಿತು. ಈಗ ಉಳಿದದ್ದು ಅದರ ಹಿಂದೆ ನಿಲ್ಲಬಲ್ಲ ಕ್ರಿಯಾಪದಗಳನ್ನು ಕೂಡಿಸುವ ಕೆಲಸ. ಪೇಂಟ್ ಇದೆ, ಪೇಂಟಿಂಗ್ ಬಂತು. ಪ್ಲಾಂಟ್ ಇದೆ, ಪ್ಲಾಂಟಿಂಗ್ ಬಂತು, ಅದೇ ಪ್ಯಾನ್‌ಗ್ರಾಮ್ ಕೂಡ ಹೌದು: ಎಂಟು ಅಕ್ಷರಕ್ಕೆ ಎಂಟು, ಮೇಲೆ ಏಳು, ಒಟ್ಟು 15 ಅಂಕ. ಟಿಲ್ಟ್ ಇದೆ, ಟಿಲ್ಟಿಂಗ್ ಬಂತು. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಇಲ್ಲಿಗೆ ಬಾಲದ ಕೆಲಸ ಮುಗಿಯಿತೆಂದುಕೊಂಡು ಬೇರೆಡೆಗೆ ಹೊರಟುಬಿಡುತ್ತಾರೆ, ತಪ್ಪುವುದು ಅಲ್ಲಿಯೇ.

ಗೂಡಿನಲ್ಲಿ ‘ಇ’ (E) ಎಂಬ ಇಂಗ್ಲಿಷ್ ಅಕ್ಷರವಿಲ್ಲ. ಹಾಗಾಗಿ ಇ-ಯಿಂದ ಮುಗಿಯುವ ಯಾವ ಕ್ರಿಯಾಪದವೂ ಮನಸ್ಸಿನ ಮುಂದೆ ಸುಳಿಯುವುದೇ ಇಲ್ಲ. ಆದರೆ ‘-ಇಂಗ್’ ಹತ್ತಿದೊಡನೆ ಆ ಇ ಬಿದ್ದುಹೋಗುತ್ತದಲ್ಲ! ‘ಪ್ಲೇಟ್’ ಎಂದು ಈ ಗೂಡಿನಲ್ಲಿ ಬರೆಯಲಾಗದು, ‘ಪ್ಲೇಟಿಂಗ್’ ಎಂದು ಬರೆಯಬಹುದು. ಅದೂ ಏಳಕ್ಷರಕ್ಕೆ ಏಳೂ ಬಳಕೆಯಾಗುವ ಅಚ್ಚುಕಟ್ಟಾದ ಪ್ಯಾನ್‌ಗ್ರಾಮ್. ‘ಇಗ್ನೈಟ್’ ಆಗದು, ‘ಇಗ್ನೈಟಿಂಗ್’ ಆಗುತ್ತದೆ. ‘ಇನಿಶಿಯೇಟ್’, ‘ಆಜಿಟೇಟ್’, ‘ಲಿಟಿಗೇಟ್’, ‘ಟೈಟಲ್’, ‘ಟ್ಯಾಟಲ್’ ಇವೆಲ್ಲಕ್ಕೂ ಇದೇ ಗತಿ. ಲಿಟಿಗೇಟಿಂಗ್ ಎಂಬ ಒಂದೇ ಪದಕ್ಕೆ ಹತ್ತು ಅಂಕ. ನಾಲ್ಕಕ್ಷರದ ಹತ್ತು ಪದ ಹುಡುಕಿದರೂ ಅಷ್ಟೇ ಸಿಗುವುದು. ಇನ್ನು ‘ಪ್ಯಾಲ್ಪಿಟೇಟ್’, ಎದೆ ಡವಗುಟ್ಟುವುದು. ಅದರ ಇ ಬಿದ್ದು ಇಂಗ್ ಸೇರಿದಾಗ ಹನ್ನೊಂದು ಅಕ್ಷರ, ಏಳೂ ಬಳಕೆಯಾಗಿರುವುದರಿಂದ ಒಟ್ಟು 18 ಅಂಕ.

ನನ್ನ ಅನುಭವದಲ್ಲಿ ‘ಅಮೇಜಿಂಗ್’ಗೂ ‘ಜೀನಿಯಸ್’ಗೂ ನಡುವಿನ ಕಂದಕವನ್ನು ಬಹಳ ದಿನ ತುಂಬಿಸುವುದು ಇಂತಹ, ಕಾಣದ ಇ-ಯ ಕ್ರಿಯಾಪದಗಳು.


ಹಳೆಯ ಮೇಷ್ಟ್ರು

ಗೂಡುಗಾರರು ಹೇಳಿದ್ದನ್ನು ಓದಿ ನನಗೆ ನಗು ಬಂತು, ಸಂತೋಷವೂ ಆಯಿತು. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವನು. ಇಂಗ್ಲಿಷ್ ಆಟಕ್ಕೆ ಬಂದದ್ದು ನಿವೃತ್ತಿಯಾದ ಮೇಲೆ, ಮೊಮ್ಮಗಳ ಒತ್ತಾಯಕ್ಕೆ. ನೀವು ವರ್ಣಿಸಿರುವುದು ನಮ್ಮ ಲೋಪ ಸಂಧಿಯೇ. ಮಾತು ಮತ್ತು ಇಲ್ಲ ಸೇರಿ ‘ಮಾತಿಲ್ಲ’ ಆದಾಗ ಪೂರ್ವಪದದ ಕೊನೆಯ ಸ್ವರ ಹೇಗೆ ಬಿದ್ದುಹೋಗುತ್ತದೋ ಹಾಗೆ ಇಲ್ಲಿ ಇ ಬಿದ್ದುಹೋಗುತ್ತದೆ, ಏಕೆಂದರೆ ಮುಂದೆ ಬರುವ ಪ್ರತ್ಯಯವೂ ಐ ಎಂಬ ಸ್ವರದಿಂದಲೇ ಆರಂಭವಾಗುತ್ತದೆ. ಮಕ್ಕಳಿಗೆ ನಾನು ಹೇಳುತ್ತಿದ್ದ ಮಾತೆಂದರೆ, ಸಂಧಿಯಾದ ಪದವನ್ನು ನೋಡಿದರೆ ಸಾಲದು, ಬಿಡಿಸಿ ಬರೆದು ಬಿದ್ದುಹೋದದ್ದು ಯಾವುದೆಂದು ತೋರಿಸಬೇಕು. ಈ ಆಟದಲ್ಲಿ ಅದನ್ನೇ ತಿರುಗಿಸಿ ಮಾಡಬೇಕು.

ಇನ್ನೊಂದು ಬಗೆಯೂ ಇದೆ. ‘ಟ್ಯಾಪ್’ ಮತ್ತು ಇಂಗ್ ಸೇರುವಾಗ ಪಿ ಎರಡಾಗುತ್ತದೆ, ‘ಟಿಪ್’ಗೂ ಹಾಗೆಯೇ, ‘ಪ್ಯಾಟ್’ನಲ್ಲಿ ಟಿ ಎರಡಾಗುತ್ತದೆ. ‘ಟೇಪ್’ನಲ್ಲಿ ಇ ಬಿದ್ದು ಪಿ ಒಂದೇ ಉಳಿಯುತ್ತದೆ. ಆದ್ದರಿಂದ ಒಂದು ಪಿ-ಯ ‘ಟೇಪಿಂಗ್’, ಎರಡು ಪಿ-ಯ ‘ಟ್ಯಾಪಿಂಗ್’ ಎರಡೂ ಸಲ್ಲುತ್ತವೆ. ಒಂದನ್ನು ಬರೆದವರು ಇನ್ನೊಂದನ್ನು ಬರೆದೆನೆಂದೇ ಭ್ರಮಿಸುತ್ತಾರೆ. ನಾನೇ ಹಲವು ಸಲ ಭ್ರಮಿಸಿದ್ದೇನೆ.

ಕನ್ನಡದಿಂದ ಬಂದವರಿಗೆ ಇಲ್ಲಿ ಎರಡು ಅಡ್ಡಿಗಳಿವೆ. ನಾವು ಕೇಳಿದಂತೆ ಬರೆಯುವವರು, ಬರೆದಂತೆ ಓದುವವರು. ಇಂಗ್ಲಿಷ್ ಪದವೂ ಮೊದಲು ನಮಗೆ ಕಿವಿಗೆ ಬರುತ್ತದೆ, ಆಮೇಲೆ ಕಾಗುಣಿತ. ಒಂದು ಬಗೆಯ ಸಣ್ಣ ನೊಣಕ್ಕೆ ಇರುವ ‘ನ್ಯಾಟ್’ ಎಂಬ ಪದ ನಮ್ಮ ಮನಸ್ಸಿನಲ್ಲಿ ಎನ್ ಮನೆಯಲ್ಲಿ ಕುಳಿತಿದೆ, ಆದರೆ ಅದರ ಬರಹ ಜಿ-ಯಿಂದ ಆರಂಭ. ನಡಿಗೆ ಎಂಬ ಅರ್ಥದ ‘ಗೇಟ್’ನಲ್ಲಿ ಎ ಆದ ಮೇಲೆ ಐ ಇದೆ, ಬಾಗಿಲಿನ ‘ಗೇಟ್’ನಲ್ಲಿ ಇ ಇದೆ, ಕಿವಿಗೆ ಎರಡೂ ಒಂದೇ. ಜಡೆ ಹೆಣೆಯುವುದೆಂಬ ‘ಪ್ಲ್ಯಾಟ್’ನಲ್ಲೂ ಒಂದು ಐ ಅಡಗಿ ಕುಳಿತಿದೆ, ಅದಕ್ಕೆ ಇಂಗ್ ಸೇರಿಸಿದರೆ ಮತ್ತೊಂದು ಪ್ಯಾನ್‌ಗ್ರಾಮ್. ಕಿವಿಯನ್ನು ನಂಬಿ ಹುಡುಕಿದರೆ ಇವು ಮೂರೂ ಸಿಗುವುದಿಲ್ಲ.

ಎರಡನೆಯ ಅಡ್ಡಿ, ಒಂದು ಅಕ್ಷರವನ್ನು ಒಮ್ಮೆ ಬಳಸಿದರೆ ಮುಗಿಯಿತು ಎಂಬ ಭಾವನೆ. ಇದು ಕನ್ನಡದವರದಷ್ಟೇ ಅಲ್ಲ, ಅಕ್ಷರದ ಬಿಲ್ಲೆಗಳನ್ನು ಜೋಡಿಸುವ ಸ್ಕ್ರ್ಯಾಬಲ್ ಆಡಿದವರೆಲ್ಲರದು. ‘ಟ್ಯಾಟ್ಲಿಂಗ್’ನಲ್ಲಿ ಮೂರು ಟಿ ಇವೆ. ತಾಲವ್ಯಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಪ್ಯಾಲಟಲ್’ನಲ್ಲಿ ಮೂರು ಎ ಇವೆ (ಈ ಪದ ಮೊಮ್ಮಗಳಿಗೆ ಹೊಳೆಯಲಿಲ್ಲ, ನನಗೆ ಹೊಳೆಯಿತು. ವ್ಯಾಕರಣ ಓದಿದ್ದಕ್ಕೆ ಇಷ್ಟಾದರೂ ಪ್ರಯೋಜನವಾಯಿತು).


ಮಧ್ಯಾಹ್ನದ ಜೇನು

ಮೇಷ್ಟ್ರೇ, ಗೂಡುಗಾರರೇ, ಇಬ್ಬರಿಗೂ ಧನ್ಯವಾದಗಳು. ‘ಇಂಗ್’ ಬಾರದ ದಿನಗಳಲ್ಲಿ ಏನು ಮಾಡಬೇಕು? ಅಂತಹ ದಿನಗಳೇ ಹೆಚ್ಚು. ಬಾಲವೇ ಇಲ್ಲದ ಗೂಡಿನ ಮುಂದೆ ನಾನು ಅಕ್ಷರಗಳನ್ನು ಕಲಸುವ ಗುಂಡಿಯನ್ನು ಒತ್ತುತ್ತಾ ಕುಳಿತಿರುತ್ತೇನೆ.


ಗೂಡುಗಾರ, ನ್ಯೂಜೆರ್ಸಿ

ಕಲಸುವ ಗುಂಡಿ ಒಳ್ಳೆಯದೇ. ಅಕ್ಷರಗಳ ಜಾಗ ಬದಲಾದಾಗ ಕಣ್ಣಿಗೆ ಕಟ್ಟಿದ್ದ ಜೋಡಿಗಳು ಬಿಟ್ಟುಕೊಂಡು ಹೊಸ ಜೋಡಿಗಳು ಕಾಣುತ್ತವೆ. ಆದರೆ ಅದು ಅದೃಷ್ಟದ ಕೆಲಸ. ಬಾಲವಿಲ್ಲದ ದಿನ ನಾನು ಜೋಡಿಗಳನ್ನು ಕ್ರಮವಾಗಿ ಹಿಡಿದು ಹೋಗುತ್ತೇನೆ.

ಏಳು ಅಕ್ಷರಗಳಲ್ಲಿ ಮೊದಲನೆಯದಕ್ಕೆ ಏಳು ಆಯ್ಕೆ, ಎರಡನೆಯದಕ್ಕೂ ಏಳು ಆಯ್ಕೆ, ಒಟ್ಟು 49 ಜೋಡಿಗಳು. ಕೇಳಲು ಹೆಚ್ಚೆನಿಸಿದರೂ ಇಂಗ್ಲಿಷ್ ಪದಗಳ ಆರಂಭದಲ್ಲಿ ನಿಲ್ಲಬಲ್ಲವು ಅದರ ಅರ್ಧವೂ ಇರುವುದಿಲ್ಲ. ಮೇಲಿನ ಗೂಡನ್ನೇ ನೋಡಿ. ಟಿ-ಯಿಂದ ಹೊರಟರೆ ಟಿ-ಎ, ಟಿ-ಐ ಎರಡೇ. ಟಿ-ಎಲ್, ಟಿ-ಎನ್, ಟಿ-ಪಿ, ಟಿ-ಜಿ ಆಗದ ಮಾತು. ಪಿ-ಯಿಂದ ಪಿ-ಎ, ಪಿ-ಐ, ಪಿ-ಎಲ್. ಜಿ-ಯಿಂದ ಜಿ-ಎ, ಜಿ-ಐ, ಜಿ-ಎಲ್ ಮತ್ತು ಮೇಷ್ಟ್ರು ಹೇಳಿದ ನೊಣಕ್ಕಾಗಿ ಜಿ-ಎನ್. ಹೀಗೆ ಕಳೆಯುತ್ತಾ ಬಂದರೆ ಇಪ್ಪತ್ತರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪ್ರತಿಯೊಂದು ಜೋಡಿಯ ಮುಂದೆ ಅರ್ಧ ನಿಮಿಷ ಕುಳಿತುಕೊಳ್ಳಿ, ಹತ್ತು ನಿಮಿಷದಲ್ಲಿ ಇಡೀ ಗೂಡನ್ನು ಸುತ್ತಿ ಬಂದಿರುತ್ತೀರಿ. ಯಾವ ಜೋಡಿಯ ಮುಂದೆ ಕುಳಿತಾಗ ಏನೂ ಹೊಳೆಯಲಿಲ್ಲವೋ ಅದನ್ನು ಚೀಟಿಯಲ್ಲಿ ಗುರುತು ಹಾಕಿ, ಸಂಜೆ ಕಾಫಿ ಹೊತ್ತಿಗೆ ಅದನ್ನು ಮಾತ್ರ ಮತ್ತೆ ನೋಡಿ. ಒಂದೇ ಕೂರಿಕೆಯಲ್ಲಿ ಮುಗಿಸುವ ಹಟ ಬೇಡ. ಬೆಳಿಗ್ಗೆಯವರೆಗೂ ಗೂಡು ಅಲ್ಲಿಯೇ ಇರುತ್ತದೆ.

ಆಮೇಲೆ ಜೋಡುಪದಗಳು. ‘ಟೇಲ್’ ಎಂಬ ಬಾಲವೇ ಈ ಗೂಡಿನಲ್ಲಿದೆ, ಅದರ ಹಿಂದೆ ಯಾವ ಪ್ರಾಣಿ ನಿಲ್ಲಬಹುದೆಂದು ಯೋಚಿಸಿ. ಉತ್ತರವನ್ನು ನಾನು ಹೇಳುವುದಿಲ್ಲ. ‘ಬ್ಯಾಕ್’, ‘ಔಟ್’, ‘ಲೈಕ್’, ‘ಬಾಲ್’, ‘ರೂಮ್’ ಇಂತಹ ಗಿಡ್ಡ ಪದಗಳು ಗೂಡಿನಲ್ಲಿ ಕಂಡ ದಿನ ಅವುಗಳ ಹಿಂದೆ ಮುಂದೆ ಏನು ಕೂಡುತ್ತದೆಂದು ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಬಾಲಗಳ ಪಟ್ಟಿಯಲ್ಲಿ ‘ಇಂಗ್’ ಒಂದೇ ಅಲ್ಲ ಎನ್ನುವುದನ್ನೂ ಮರೆಯಬೇಡಿ. ಇ ಮತ್ತು ಡಿ ಇದ್ದರೆ ಭೂತಕಾಲ, ಎಲ್ ಮತ್ತು ವೈ ಇದ್ದರೆ ಕ್ರಿಯಾವಿಶೇಷಣ. ಯು ಮತ್ತು ಎನ್ ಇದ್ದರೆ ತಲೆಯ ಕಡೆಯಿಂದ ‘ಅನ್’.


ಕಾಫಿಬೀಜ

ಬಹುವಚನದ ಎಸ್ ಹಚ್ಚಿದರೆ ಎಲ್ಲ ನಾಮಪದಗಳೂ ಎರಡೆರಡಾಗುವುದಿಲ್ಲವೇ? ಅದನ್ನೇಕೆ ಯಾರೂ ಹೇಳಲಿಲ್ಲ?


ಗೂಡುಗಾರ, ನ್ಯೂಜೆರ್ಸಿ

ಅದೇ ಕಾರಣಕ್ಕೆ ಎಸ್ ಅನ್ನು ಗೂಡಿನೊಳಕ್ಕೆ ಬಿಡುವುದಿಲ್ಲ. ಎಸ್ ಇದ್ದರೆ ಪ್ರತಿ ನಾಮಪದಕ್ಕೂ ಪ್ರತಿ ಕ್ರಿಯಾಪದಕ್ಕೂ ಒಂದು ಬಿಟ್ಟಿ ಪದ ಸಿಕ್ಕಿ ಆಟ ಸಪ್ಪೆಯಾಗುತ್ತದೆ.


ಉತ್ತರದಿಕ್ಕು, ಧಾರವಾಡ

ಒಂದು ವಿಷಯ ಸ್ಪಷ್ಟವಾಗಲಿ ಎಂದು ಕೇಳುತ್ತಿದ್ದೇನೆ. ಪತ್ರಿಕೆಯವರೇ ದಿನವೂ ಒಂದು ಸುಳಿವಿನ ಪುಟವನ್ನು ಕೊಡುತ್ತಾರೆ. ಯಾವ ಅಕ್ಷರದಿಂದ ಎಷ್ಟು ಉದ್ದದ ಎಷ್ಟು ಪದಗಳಿವೆ ಎಂಬ ಕೋಷ್ಟಕ, ಕೆಳಗೆ ಮೊದಲೆರಡು ಅಕ್ಷರಗಳ ಜೋಡಿಗಳ ಪಟ್ಟಿ, ಎಲ್ಲ ಅದರಲ್ಲಿಯೇ ಇದೆ. ಗೂಡುಗಾರರು 49 ಜೋಡಿಗಳನ್ನು ಕೈಯಿಂದ ಕಳೆಯುವುದಕ್ಕೆ ಹತ್ತು ನಿಮಿಷ ಕೊಡುತ್ತಾರೆ, ಆ ಪುಟ ತೆರೆದರೆ ಹತ್ತು ಸೆಕೆಂಡ್ ಸಾಕು. ನಾನು ಮೊದಲೇ ಅದನ್ನು ತೆರೆದಿಟ್ಟುಕೊಂಡು ಆಡುತ್ತೇನೆ. ಇದರಲ್ಲಿ ತಪ್ಪೇನಿದೆ?


ಹಳೆಯ ಮೇಷ್ಟ್ರು

ತಪ್ಪು ಎನ್ನುವುದಕ್ಕೆ ಇದೇನು ಪರೀಕ್ಷೆಯಲ್ಲ, ನಾನು ಮೇಲ್ವಿಚಾರಕನೂ ಅಲ್ಲ. ಆದರೆ ಒಂದು ವ್ಯತ್ಯಾಸ ಹೇಳುತ್ತೇನೆ. ‘ಪಿ-ಎ ಜೋಡಿಯಲ್ಲಿ ಇನ್ನೂ ನಾಲ್ಕು ಪದಗಳಿವೆ’ ಎಂದು ಗೊತ್ತಾದ ಮೇಲೆ ನೀವು ಆಡುವ ಆಟವೇ ಬೇರೆ. ಅದು ಖಾಲಿ ಜಾಗ ತುಂಬುವ ಆಟ. ಇದೆಯೋ ಇಲ್ಲವೋ ಗೊತ್ತಿಲ್ಲದ ಪದವನ್ನು ಹುಡುಕುವುದರ ಸುಖ ಅದರಲ್ಲಿಲ್ಲ. ನಾನು ಜೀನಿಯಸ್ ತಲುಪುವವರೆಗೆ ಆ ಪುಟವನ್ನು ಮುಟ್ಟುವುದಿಲ್ಲ. ತಲುಪಿದ ಮೇಲೆ ಉಳಿದ ಪದಗಳಿಗಾಗಿ ಮೊಮ್ಮಗಳ ಜೊತೆ ಕುಳಿತು ತೆರೆಯುತ್ತೇನೆ, ಆಗ ಅದು ಬಹಳ ಚೆನ್ನಾಗಿರುತ್ತದೆ.


ಉತ್ತರದಿಕ್ಕು, ಧಾರವಾಡ

ನಿಮಗೆ ಮಧ್ಯಾಹ್ನ ಬಿಡುವಿದೆ ಮೇಷ್ಟ್ರೇ. ಅಂಗಡಿಯಲ್ಲಿ ಗಿರಾಕಿ ನಡುವೆ ಆಡುವ ನನಗೆ ಅಷ್ಟು ಬಿಡುವಿಲ್ಲ. ನಿಮ್ಮ ಮಾತನ್ನು ಒಂದು ವಾರ ಪ್ರಯತ್ನಿಸಿ ನೋಡುತ್ತೇನೆ, ಆದರೆ ಮಾತು ಕೊಡುವುದಿಲ್ಲ.


ಐದರ ಮನೆ

ನಾನು ಐದಕ್ಷರದ ಪದವೊಂದನ್ನು ಊಹಿಸುವ ವರ್ಡಲ್ ಆಡುವವಳು. ಅಲ್ಲಿ ಸ್ವರಗಳು ಹೆಚ್ಚಿರುವ ಪದದಿಂದ ಆರಂಭಿಸಿದರೆ ಅನುಕೂಲ ಎನ್ನುತ್ತಾರೆ. ಇಲ್ಲಿಯೂ ಸ್ವರಗಳಿಂದಲೇ ಆರಂಭಿಸಬೇಕೇ?


ಗೂಡುಗಾರ, ನ್ಯೂಜೆರ್ಸಿ

ಎರಡೂ ಒಂದೇ ಪತ್ರಿಕೆಯ ಆಟಗಳಾದರೂ ಸ್ವಭಾವ ಬೇರೆ. ವರ್ಡಲ್‌ನಲ್ಲಿ ಉತ್ತರ ಒಂದೇ, ಅವಕಾಶ ಆರು. ಪ್ರತಿ ಊಹೆಯೂ ಎಷ್ಟು ಸಾಧ್ಯತೆಗಳನ್ನು ಹೊರಗೆ ಹಾಕುತ್ತದೆ ಎಂಬುದು ಮುಖ್ಯ. ಇಲ್ಲಿ ತಪ್ಪು ಪದ ಬರೆದರೆ ದಂಡವೇ ಇಲ್ಲ. ಸಂದೇಹ ಬಂದ ಪದವನ್ನೆಲ್ಲ ಒತ್ತಿ ನೋಡುವುದೇ ಇಲ್ಲಿಯ ಜಾಣತನ. ಸ್ವರಗಳ ಬಗ್ಗೆ ಹೇಳುವುದಾದರೆ, ಗೂಡಿನಲ್ಲಿ ಸ್ವರ ಎರಡೇ ಇರುವಾಗ ಅವೇ ಮತ್ತೆ ಮತ್ತೆ ಬರಬೇಕಾಗುತ್ತದೆ. ಎ ಮತ್ತು ಓ ಇದ್ದು ಸಿ-ಯೂ ಇದ್ದ ದಿನ ‘ಕೊಕೊ’ ಮತ್ತು ‘ಕಕಾವೊ’ ಎರಡನ್ನೂ ಒತ್ತಿಬಿಡಿ. ದಕ್ಷಿಣ ಕನ್ನಡದಲ್ಲಿ ಅಡಿಕೆ ಮರಗಳ ನಡುವೆ ಬೆಳೆಯುವ ಅದೇ ಗಿಡ, ಎರಡು ಪದಗಳೂ ಅದೇ ಮೂರು ಅಕ್ಷರಗಳಿಂದ ಆದವು. ಎ, ಸಿ, ಐ ಇದ್ದರೆ ‘ಅಕೇಶಿಯ’, ಮಲೆನಾಡಿನ ನೆಡುತೋಪುಗಳಲ್ಲಿ ನಮಗೆ ಸಾಕುಸಾಕಾಗಿರುವ ಮರ, ಅದಕ್ಕೂ ಮೂರೇ ಅಕ್ಷರ. ಎ ಮತ್ತು ಎನ್ ಎರಡೇ ಸಾಕು ‘ನಾನ್’ ರೊಟ್ಟಿಗೆ. ಇಂತಹ ಮಿತವ್ಯಯದ ಪದಗಳು ತಿಂಗಳು ತಿಂಗಳು ಮರಳಿ ಬರುತ್ತವೆ; ಪದಪ್ರೇಮಿಯವರು ಪಟ್ಟಿ ಬರೆದಿಟ್ಟುಕೊಳ್ಳುವುದಾದರೆ ಇವುಗಳದೇ ಬರೆದಿಟ್ಟುಕೊಳ್ಳಲಿ.


ಪದಪ್ರೇಮಿ

ಒಪ್ಪಿದೆ. ನಾನು ಸೇರಿಸುವುದು ಒಂದಿದೆ: ತಮಿಳಿನ ಕಟ್ಟುಮರಂ ಇಂಗ್ಲಿಷಿಗೆ ಹೋಗಿ ‘ಕ್ಯಾಟಮರಾನ್’ ಆಯಿತಲ್ಲ, ಒಂಬತ್ತು ಅಕ್ಷರದ ಆ ಪದಕ್ಕೆ ಬೇಕಾದದ್ದು ಆರೇ ಅಕ್ಷರಗಳು. ಕಟ್ಟು, ಮರ ಎರಡೂ ನಮಗೂ ಗೊತ್ತಿರುವುದರಿಂದ ಮರೆಯುವ ಭಯವಿಲ್ಲ.


ಮಧ್ಯಾಹ್ನದ ಜೇನು

ಚರ್ಚೆ ಇಷ್ಟು ದೂರ ಬಂದಿರುವುದರಿಂದ ಒಂದು ಆಸೆ ಹೇಳಿಕೊಳ್ಳುತ್ತೇನೆ. ಕನ್ನಡದಲ್ಲಿಯೇ ಇಂತಹ ಗೂಡು ಕಟ್ಟಲು ಸಾಧ್ಯವೇ? ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಒಂದು ಮನೆಗೆ ಒಂದು ಪೂರ್ಣಾಕ್ಷರ, ಒತ್ತು ಇದ್ದರೂ ಸೊನ್ನೆ ಇದ್ದರೂ ಒಂದೇ ಮನೆ. ಅದೇ ಲೆಕ್ಕದಲ್ಲಿ ಏಳು ಅಕ್ಷರ ಹಾಕಿದರೆ ಏನಾಗುತ್ತದೆ?


ಹಳೆಯ ಮೇಷ್ಟ್ರು

ನೀವು ಕೇಳಿದ್ದರಿಂದ ನಿನ್ನೆ ರಾತ್ರಿ ಕುಳಿತು ಪ್ರಯತ್ನಿಸಿದೆ, ಹೆಂಡತಿಯಿಂದ ಬೈಸಿಕೊಂಡೆ.

ಮೊದಲು ಕಾಗುಣಿತದ ಗೊಡವೆ ಬೇಡವೆಂದು ಬರಿಯ ಅಕಾರದ ಅಕ್ಷರಗಳನ್ನೇ ತೆಗೆದುಕೊಂಡೆ. ನಡುವೆ ರ, ಸುತ್ತ ಗ, ನ, ಮ, ಸ, ವ, ದ. ಕನ್ನಡದ ಒಂದು ಅಕ್ಷರದಲ್ಲಿ ಇಂಗ್ಲಿಷಿನ ಎರಡು ಮೂರು ಅಕ್ಷರಗಳಷ್ಟು ಧ್ವನಿ ಇರುವುದರಿಂದ ಕನಿಷ್ಠ ಮಿತಿ ಮೂರು ಅಕ್ಷರ ಸಾಕು ಎಂದುಕೊಂಡೆ. ನಗರ, ಸಮರ, ಸರಸ, ವರದ, ಸಮರಸ, ನವರಸ, ಗರಗಸ, ಸರಸರ, ಗರಗರ ಬಂದವು. ಪರವಾಗಿಲ್ಲ, ಆಟ ನಡೆಯುತ್ತದೆ ಎನಿಸಿತು.

ಆಮೇಲೆ ತೊಂದರೆ ಕಂಡಿತು. ದ ಇದೆಯಲ್ಲ! ನಗರದ, ಸಮರದ, ಸರಸದ, ನವರಸದ, ಗರಗಸದ. ಎರಡೇ ಅಕ್ಷರದ್ದೆಂದು ಬಿಟ್ಟಿದ್ದ ಮರವೂ ‘ಮರದ’ ಆಗಿ ಒಳಗೆ ಬಂತು. ಷಷ್ಠೀ ವಿಭಕ್ತಿ ಪ್ರತಿ ಪದವನ್ನೂ ಎರಡು ಮಾಡಿಬಿಟ್ಟಿತು. ಇಂಗ್ಲಿಷಿನವರು ಎಸ್ ಅನ್ನು ಏಕೆ ಹೊರಗಿಟ್ಟರೆಂದು ಕಾಫಿಬೀಜ ಅವರ ಪ್ರಶ್ನೆಗೆ ಗೂಡುಗಾರರು ಹೇಳಿದ್ದು ಆಗ ನನಗೆ ಪೂರ್ತಿ ಅರ್ಥವಾಯಿತು. ಅವರಿಗೆ ಎಸ್ ಹೇಗೋ ನಮಗೆ ದ ಹಾಗೆ. ಇಂಗ್ಲಿಷಿಗೆ ಒಂದು ಬಾಗಿಲು ಮುಚ್ಚಿದರೆ ಸಾಕು, ಕನ್ನಡಕ್ಕೆ ಎಷ್ಟು ಬಾಗಿಲು ಮುಚ್ಚುತ್ತೀರಿ? ದ ತೆಗೆದರೂ ‘ನಗರವ’ ಎಂದು ಕಾವ್ಯದ ದ್ವಿತೀಯಾ ವಿಭಕ್ತಿ ವ-ದಿಂದ ಇಣುಕುತ್ತದೆ. ಆದ್ದರಿಂದ ಅಕ್ಷರವನ್ನು ನಿಷೇಧಿಸುವುದಕ್ಕಿಂತ ವಿಭಕ್ತಿ ಹತ್ತಿದ ರೂಪಗಳನ್ನೇ ನಿಷೇಧಿಸುವುದು ಲೇಸು, ನಿಘಂಟಿನಲ್ಲಿ ತಲೆಪದವಾಗಿ ಇರುವುದು ಮಾತ್ರ ಸಲ್ಲಬೇಕು.

ಹಾಗೆ ನಿಯಮ ಮಾಡಿ, ದ ಅಕ್ಷರದ ಬದಲು ಕ ಹಾಕಿದೆ. ಗೂಡಿಗೆ ಜೀವ ಬಂತು. ನರಕ, ಮಕರ, ಕರಗ. ಗರಗಸದ ಜೊತೆಗೆ ಅದರ ಇನ್ನೊಂದು ರೂಪ ಕರಗಸ. ಚಿನ್ನ ಎಂಬ ಅರ್ಥದ ಹಳಗನ್ನಡದ ಕಸವರ ಕೂಡ ಬಂತು. ಏಳೂ ಅಕ್ಷರ ಬಳಸುವ ಪದ ಮಾತ್ರ ನನಗೆ ಸಿಗಲಿಲ್ಲ.


ಉತ್ತರದಿಕ್ಕು, ಧಾರವಾಡ

ಕಸವರವನ್ನು ಒಪ್ಪುವುದಾದರೆ ಹಳಗನ್ನಡ ಓದಿದವರಿಗೇ ಗೆಲುವು. ಅಪರೂಪದ ಪದ ಬೇಡ ಎಂದು ಈಗಷ್ಟೇ ಮೇಲೆ ಓದಿದೆವು.


ಹಳೆಯ ಮೇಷ್ಟ್ರು

ಅದು ನ್ಯಾಯವಾದ ಆಕ್ಷೇಪ. ಕಸವರಕ್ಕೆ ಅಂಕ ಬೇಡ, ಬರೆದವರಿಗೆ ಒಂದು ಚಪ್ಪಾಳೆ ಇರಲಿ.


ಕಾಫಿಬೀಜ

ಅಕಾರವೊಂದೇ ಏಕೆ? ಏಳು ವ್ಯಂಜನ ಕೊಟ್ಟು ಎಲ್ಲ ಕಾಗುಣಿತವನ್ನೂ ಒಪ್ಪಿಬಿಡಿ.


ಗೂಡುಗಾರ, ನ್ಯೂಜೆರ್ಸಿ

ಅದನ್ನು ನಾನು ಕಾಗದದ ಮೇಲೆ ಮಾಡಿ ನೋಡಿದ್ದೇನೆ. ರ, ಗ, ನ, ಮ, ಸ, ವ, ಕ ಇವಕ್ಕೆ ಎಲ್ಲ ಸ್ವರಗಳನ್ನೂ ಬಿಟ್ಟರೆ ಸೋಮಾರಿ, ಸವಾರಿ, ಸರಿಗಮ, ಕುಮಾರಿ ಎಲ್ಲವೂ ಮುತ್ತಿಕೊಳ್ಳುತ್ತವೆ. ಪಟ್ಟಿಗೆ ಕೊನೆಯೇ ಇರುವುದಿಲ್ಲ, ಶೇಕಡಾ 70 ಯಾವುದರದೆಂದು ಲೆಕ್ಕ ಹಾಕಲೂ ಆಗದು. ಕಟ್ಟು ಸಡಿಲವಾದರೆ ಒಗಟು ಒಗಟಾಗಿ ಉಳಿಯುವುದಿಲ್ಲ. ಬೇಕಾದರೆ ಮೂರು ಅಕ್ಷರಕ್ಕೆ ಅಕಾರ, ಎರಡಕ್ಕೆ ಇಕಾರ, ಎರಡಕ್ಕೆ ಉಕಾರ ಎಂದು ನಿಗದಿಪಡಿಸಿ ನೋಡಬಹುದು. ಕನ್ನಡದ ಪದಗಳು ಹೆಚ್ಚಾಗಿ ಉಕಾರದಲ್ಲಿ ಮುಗಿಯುವುದರಿಂದ ಉಕಾರದ ಅಕ್ಷರಗಳಿಲ್ಲದ ಗೂಡಿನಲ್ಲಿ ಬರಿಯ ಸಂಸ್ಕೃತ ಪದಗಳೇ ತುಂಬಿಕೊಳ್ಳುತ್ತವೆ. ಮೇಷ್ಟ್ರ ಗೂಡಿನಲ್ಲಿ ಆಗಿರುವುದು ಅದೇ.


ಹಳೆಯ ಮೇಷ್ಟ್ರು

ಗರಗಸ, ಸರಸರ, ಗರಗರದಂತಹವನ್ನು ಬಿಟ್ಟರೆ ನಿಮ್ಮ ಮಾತು ನಿಜ. ಇಕಾರ, ಉಕಾರ ಸೇರಿಸಿ ಇನ್ನೊಂದು ಗೂಡನ್ನು ಭಾನುವಾರ ಇಲ್ಲಿ ಇಡುತ್ತೇನೆ. ಮನೆಯವರ ಅಪ್ಪಣೆ ಸಿಕ್ಕಿದರೆ.


ಮಧ್ಯಾಹ್ನದ ಜೇನು

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಗೂಡುಗಾರರು ಕಟ್ಟಿದ ಟಿ-ಯ ಗೂಡನ್ನು ಅವರು ಹೇಳಿದ ಪದಗಳನ್ನು ಬದಿಗಿಟ್ಟು ಮೊದಲಿನಿಂದ ಆಡಿದೆ. ಬಾಲದಿಂದ ಆರಂಭಿಸಿ, ಒಂದು ಹಾಳೆಯಲ್ಲಿ ಇ-ಯಿಂದ ಮುಗಿಯುವ ಕ್ರಿಯಾಪದಗಳನ್ನು ಮಾತ್ರ ಬರೆದುಕೊಂಡು, ಒಂದೊಂದರ ಇ-ಯನ್ನು ಪೆನ್ನಿನಿಂದ ಹೊಡೆದು ಹಾಕುತ್ತಾ ಹೋದೆ. ‘ಪ್ಯಾಜಿನೇಟ್’ ಸಿಕ್ಕಿತು, ಪುಟಸಂಖ್ಯೆ ಹಾಕುವುದು ನನ್ನ ಕಚೇರಿಯ ದಿನದ ಕೆಲಸ. ‘ಟೇಲ್‌ಗೇಟ್’ ಸಿಕ್ಕಿತು. ನಮ್ಮ ಅತ್ತೆಯವರಿಗೆ ಆರೈಕೆ ನಡೆಯುತ್ತಿದ್ದ ಕಾಲದಲ್ಲಿ ‘ಪ್ಯಾಲಿಯೇಟಿವ್’ (ನೋವು ತಗ್ಗಿಸುವ) ಎಂಬ ಮಾತನ್ನು ಎಷ್ಟು ಸಲ ಕೇಳಿದ್ದೆನೋ, ಅದರ ಮೂಲ ಕ್ರಿಯಾಪದಕ್ಕೆ ಇಂಗ್ ಹಚ್ಚಿದರೆ ಏಳೂ ಅಕ್ಷರ ಬಳಕೆಯಾಗುತ್ತವೆ ಎಂದು ಕಂಡಾಗ ಒಂದು ಕ್ಷಣ ಪೆನ್ನು ಕೆಳಗಿಟ್ಟೆ. ಹತ್ತು ಅಕ್ಷರ, 17 ಅಂಕ.

ಪತ್ರಿಕೆಯ ಗೂಡಿನಲ್ಲಿ ಈ ವಾರ ಮೂರು ದಿನ ಜೀನಿಯಸ್ ಆದೆ. ಉಳಿದ ನಾಲ್ಕು ದಿನ ಹಿಂದಿನಂತೆಯೇ ಅಮೇಜಿಂಗ್‌ನಲ್ಲಿ ನಿಂತೆ. ಅದರಲ್ಲಿ ಎರಡು ದಿನ ಬಾಲವೇ ಇರಲಿಲ್ಲ, ಜೋಡಿಗಳನ್ನು ಹಿಡಿದು ಹೋಗುವ ತಾಳ್ಮೆ ನನಗಿನ್ನೂ ಬಂದಿಲ್ಲ.

‘ಟೇಲ್’ನ ಹಿಂದೆ ನಿಲ್ಲುವ ಪ್ರಾಣಿ ಯಾವುದೆಂದು ಐದು ದಿನ ಹೊಳೆಯಲಿಲ್ಲ. ಗೂಡಿನಲ್ಲಿ ಇಲ್ಲದ ಅಕ್ಷರಗಳ ಪ್ರಾಣಿಗಳೇ ನೆನಪಾಗುತ್ತಿದ್ದವು. ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೊತ್ತಾಯಿತೆಂದು ಮಗಳಿಗೆ ಎರಡು ಜಡೆ ಹಾಕುತ್ತಿದ್ದಾಗ, ಎಡಗಡೆಯ ಜಡೆಗೆ ರಿಬ್ಬನ್ ಕಟ್ಟುವ ಹೊತ್ತಿಗೆ, ಹಂದಿ ಎಂದು ಜೋರಾಗಿಯೇ ಹೇಳಿಬಿಟ್ಟೆ. ಅವಳು ತನಗೇ ಬೈದೆನೆಂದು ತಿಳಿದು ಶಾಲೆಯ ಬಸ್ ಬರುವವರೆಗೂ ಮಾತಾಡಲಿಲ್ಲ.


ಗೂಡುಗಾರ, ನ್ಯೂಜೆರ್ಸಿ

‘ಪಿಗ್‌ಟೇಲ್’ ಸರಿ. ಅದೇ ಬಾಲಕ್ಕೆ ಇನ್ನೊಂದು ತಲೆಯೂ ಇದೆ, ಅದು ಒಂದು ಬಾತುಕೋಳಿಯ ಹೆಸರು. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೂ ವಲಸೆ ಬರುತ್ತದೆ. ಪಿ-ಯಿಂದಲೇ ಆರಂಭ, ಏಳಕ್ಷರ.